ಹುಳದ ಮನೆಯಲ್ಲಿ ವಿಮಾನ

ಗೋಂದಿನ ಶೀಶೆಯ ಮುಚ್ಚಳ ಒಣಗಿ ಕಚ್ಚಿಕೊಂಡುಬಿಟ್ಟಿತ್ತು. ಬರಿಗೈಯಲ್ಲಿ ತಿರುಗಿಸಿದೆ, ಪಂಚೆಯ ತುದಿ ಸುತ್ತಿ ತಿರುಗಿಸಿದೆ, ಕೊನೆಗೆ ಬಿಸಿನೀರಿನ ಲೋಟದಲ್ಲಿ ಒಂದಷ್ಟು ಹೊತ್ತು ನಿಲ್ಲಿಸಿದ ಮೇಲೆ ಟಕ್ಕೆಂದು ಬಿಟ್ಟುಕೊಂಡಿತು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿಸುವ ಈ ಗೋಂದಿನ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಉಗುರುಬಣ್ಣಕ್ಕೂ ಪೆಟ್ರೋಲಿಗೂ ಸಂಬಂಧ ಬೆಳೆದರೆ ಹೀಗಿರಬಹುದು. ಅದು ಮೂಗಿಗೆ ಹೊಡೆದ ಕೂಡಲೆ ನಾನು ಮಾಡಿದ ಮೊದಲ ಕೆಲಸವೆಂದರೆ ತಿರುಗಿ ನಡುಮನೆಯ ಬಾಗಿಲು ನೋಡಿದ್ದು, ಅತ್ತಿಗೆ ಬರುತ್ತಿದ್ದಾರೆಯೇ ಎಂದು. ನಾನು ಪಿಂಚಣಿ ತೆಗೆದುಕೊಳ್ಳುವ ಮನುಷ್ಯ. ಮನೆಯಲ್ಲಿ ಆಗ ಒಂದು ರೇಷ್ಮೆ ಹುಳವೂ ಇರಲಿಲ್ಲ. ಆದರೂ ಕತ್ತು ತಾನಾಗಿಯೇ ತಿರುಗಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಹವ್ಯಾಸ ವಿಮಾನ ಕಟ್ಟುವುದು. ಹಾರುವ ವಿಮಾನವಲ್ಲ, ಅಂಗೈ ಮೇಲೆ ಕೂರುವಂಥ ಪ್ಲಾಸ್ಟಿಕ್ಕಿನದು. ಡಬ್ಬದೊಳಗೆ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳು ಬರುತ್ತವೆ. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲಿನ ಮರಿ ವಿಮಾನವೊಂದು ಸಿದ್ಧವಾಗುತ್ತದೆ. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದವನು. ಶಾಲೆಯ ವಸ್ತುಪ್ರದರ್ಶನಕ್ಕೆಂದು ಮೊದಲ ಡಬ್ಬ ತಂದೆ, ಪ್ರದರ್ಶನ ಮುಗಿಯಿತು, ಗೀಳು ಮುಗಿಯಲಿಲ್ಲ. ಬೊಂಬೆಯ ಊರಿನಲ್ಲಿ ಸಂಬಳ ಎಣಿಸಿಕೊಂಡು ಪರದೇಶದ ಬೊಂಬೆ ತರಿಸುತ್ತಾರೆ ಈ ಮೇಷ್ಟ್ರು ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಗಲು ಕಾರಣವಿತ್ತು. ವಿಮಾನ ಹತ್ತಿದ್ದೀರಾ ಎಂದರೆ ಇಲ್ಲ, ಹತ್ತುವ ಆಸೆಯೂ ಅಷ್ಟಿಲ್ಲ.

ನಿವೃತ್ತನಾದ ಮೇಲೆ ದಿನಾ ಕೂತು ಕಟ್ಟುತ್ತೇನೆ ಅಂದುಕೊಂಡಿದ್ದೆ. ಒಳ್ಳೆಯ ಮೇಜು ಮಾಡಿಸಿದೆ, ಕುತ್ತಿಗೆ ಬಗ್ಗುವ ದೀಪ ತಂದೆ, ಹಲ್ಲಿನ ಡಾಕ್ಟರ ಬಳಿ ಇರುವಂಥ ಚಿಮಟಗಳನ್ನು ತರಿಸಿದೆ. ಡಬ್ಬಗಳೂ ಬಂದು ಒಂದರ ಮೇಲೊಂದು ಕೂತವು. ಕಟ್ಟಿದ್ದು ಮಾತ್ರ ಒಂದೂ ಇಲ್ಲ. ಬೆಳಿಗ್ಗೆ ಮೇಜಿನ ಮುಂದೆ ಕೂರುತ್ತಿದ್ದೆ, ಬೇರೆ ಯಾರೋ ಕಟ್ಟುವ ವಿಡಿಯೋ ನೋಡುತ್ತಿದ್ದೆ, ಕಾಫಿ ಕುಡಿದು ಏಳುತ್ತಿದ್ದೆ. ಮೊದಲು ವಿಮಾನ ಕಟ್ಟುತ್ತಿದ್ದಿರಿ, ಈಗ ಡಬ್ಬ ಜೋಡಿಸುತ್ತೀರಿ ಎಂದು ನನ್ನ ಹೆಂಡತಿ ಸರೋಜ ಒಮ್ಮೆ ಹೇಳಿದಳು. ಜಗಳಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಈ ಗೀಳಿನ ಮಂದಿ ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳುವ ಜಾಗಗಳಿವೆ. ಅಲ್ಲಿ ನನ್ನ ಕಾಯಿಲೆಗೆ ಎಲ್ಲರೂ ಬರೆದುಕೊಡುವ ಮದ್ದು ಒಂದೇ: ಅರ್ಧಂಬರ್ಧ ಬಿಟ್ಟದ್ದನ್ನೆಲ್ಲ ಬದಿಗಿಡಿ, ಸಣ್ಣದೊಂದು ಹೊಸ ಕಿಟ್ ತಂದು ಇವತ್ತೇ ಶುರುಮಾಡಿ. ಹಾಗಾಗಿ ಒಂಟಿ ಎಂಜಿನ್ನಿನ ಪುಟ್ಟ ತರಬೇತಿ ವಿಮಾನವೊಂದನ್ನು ತರಿಸಿದ್ದೆ. ಇದೂ ಕೈಗೆ ಹತ್ತದಿದ್ದರೆ ಎಲ್ಲವನ್ನೂ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಶೀಶೆಯ ಜೊತೆ ಅಷ್ಟು ಗುದ್ದಾಡಿದ್ದು ಅದಕ್ಕೇ.

ಈಗ ಅತ್ತಿಗೆಯ ವಿಷಯ. ವಿರೂಪಾಕ್ಷಿಪುರದ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಸಂಸಾರ, ನನ್ನ ಸಂಸಾರ ಎರಡೂ ಒಂದೇ ಮನೆ. ಅಣ್ಣನ ಹೆಂಡತಿ ಜಯಮ್ಮ ಮಾಗಡಿ ಕಡೆಯವರು, ಕುದೂರಿನ ಹೆಣ್ಣು. ತವರಿನಲ್ಲಿ ರಾಗಿ, ಎಮ್ಮೆ ಬಿಟ್ಟರೆ ಬೇರೇನೂ ಕಂಡವರಲ್ಲ. ರೇಷ್ಮೆ ಹುಳ ಸಾಕುವುದನ್ನು ಇಲ್ಲಿಗೆ ಬಂದು ನಮ್ಮ ಅವ್ವನಿಂದ ಕಲಿತರು, ಕಲಿತ ಮೇಲೆ ಅವ್ವನಿಗಿಂತ ಬಿಗಿಯಾದರು. ನಡುಮನೆಯೇ ಹುಳದ ಮನೆ. ಹುಳಕ್ಕೆ ವಾಸನೆ ಆಗದು. ಸೊಳ್ಳೆಬತ್ತಿ ಆಗದು, ಮುಖದ ಪೌಡರ್ ಆಗದು. ಬೀಡಿ ಸೇದಿದ್ದರೆ ಅಣ್ಣ ಬಾಯಿ ತೊಳೆದು ಅಂಗಿ ಬದಲಿಸಿಯೇ ಒಳಗೆ ಬರಬೇಕು. ಹುಳ ಇರುವಷ್ಟು ದಿನ ದೇವರಿಗೂ ಊದುಬತ್ತಿಯಿಲ್ಲ, ಹೂವಿನಲ್ಲೇ ಪೂಜೆ. ಒಮ್ಮೆ ಮದುವೆಗೆ ಕರೆಯಲು ಸೆಂಟು ಹಾಕಿಕೊಂಡು ಬಂದ ಕನಕಪುರದ ನೆಂಟರನ್ನು ಜಗಲಿಯಲ್ಲೇ ಕೂರಿಸಿ, ಅಲ್ಲೇ ಊಟ ಬಡಿಸಿ ಕಳುಹಿಸಿದರು. ಅಂಥ ಮನೆಗೆ ನಾನು ಗೋಂದು, ಥಿನ್ನರ್, ಬಣ್ಣದ ಡಬ್ಬಿಗಳನ್ನು ತಂದಿಟ್ಟುಕೊಂಡವನು.

ಅತ್ತಿಗೆ ಬೈಯಲಿಲ್ಲ, ಕಾನೂನು ಮಾಡಿದರು. ಹುಳ ಮನೆಗೆ ಬರುವ ಹಿಂದಿನ ದಿನ ನನ್ನ ಸಾಮಾನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹೋಗಬೇಕು, ಪೆಟ್ಟಿಗೆ ಹಿತ್ತಲಾಚೆಯ ಕೊಟ್ಟಿಗೆಯ ಅಟ್ಟಕ್ಕೆ ಹೋಗಬೇಕು. ಹುಳ ಗೂಡು ಕಟ್ಟಿ, ಗೂಡು ಬಿಡಿಸಿ, ಅಣ್ಣ ಮೂಟೆಗಳನ್ನು ಟೆಂಪೋಗೆ ಹೇರಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟ ಮೇಲೆಯೇ ಅದು ಇಳಿಯುವುದು. ಇಳಿಸುತ್ತಿದ್ದವರು ಅತ್ತಿಗೆಯೇ. ಸೆರಗಿನಲ್ಲಿ ಧೂಳು ಒರೆಸಿ, ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಮುಂದಿನ ಬೆಳೆಗೆ, ಅಂದರೆ ಮುಂದಿನ ಸಲದ ಹುಳಕ್ಕೆ, ಮನೆ ತೊಳೆಯುವವರೆಗಿನ ಆ ಕೆಲವು ದಿನ ನನ್ನದು. ಹೀಗೆ ಒಂದು ಬೆಳೆಯ ಸಂದಿಯಲ್ಲಿ ಒಡಲು, ಇನ್ನೊಂದರ ಸಂದಿಯಲ್ಲಿ ರೆಕ್ಕೆ, ಮತ್ತೊಂದರ ಸಂದಿಯಲ್ಲಿ ಬಣ್ಣ ಎಂದು ಒಂದು ವಿಮಾನಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತಿತ್ತು. ನಿಜವಾದ ಕಾರ್ಖಾನೆಯವರು ಇದಕ್ಕಿಂತ ಬೇಗ ಕಟ್ಟುತ್ತಿದ್ದರೆಂದು ಕಾಣುತ್ತದೆ.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಅಲುಗಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾಲ್ಕು ಜ್ವರ ಕಳೆದ ಮೇಲೆ ಅದು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಮಾತ್ರ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಪ್ರಶ್ನೆಪತ್ರಿಕೆ ತಿರುವಿದಂತೆ ಕೇಳಿಸುತ್ತಿತ್ತು. ಆ ಸದ್ದು ಶುರುವಾಯಿತೆಂದರೆ ನನಗೆ ಒಳಗೊಳಗೇ ಚಡಪಡಿಕೆ. ತರಗತಿಯಲ್ಲಿ ಸನ್ನೆಕೋಲಿನ ಪಾಠ ಮಾಡುತ್ತ ಬಾಲದ ರೆಕ್ಕೆಯನ್ನು ಯಾವ ಕೋನದಲ್ಲಿ ಕೂರಿಸಬೇಕೆಂದು ಯೋಚಿಸುತ್ತಿದ್ದೆ. ಮನೆಗೆ ಬಂದು, ಹುಳ ಹಣ್ಣಾಗಿ ಗೂಡಿಗೆ ಬಂತೇ ಎಂದು ಅತ್ತಿಗೆಯನ್ನು ದಿನಾ ಕೇಳುತ್ತಿದ್ದೆ. ಮೈದುನನಿಗೆ ಹುಳದ ಮೇಲೆ ಎಷ್ಟು ಕಾಳಜಿ ಎಂದು ನೆರೆಯವರು ಹೊಗಳುತ್ತಿದ್ದರು.

ಕಟ್ಟಿ ಮುಗಿದ ವಿಮಾನಗಳು ಗಾಜಿನ ಬೀರುವಿನಲ್ಲಿವೆ. ಅವುಗಳ ಹೆಸರು ಅತ್ತಿಗೆಗೆ ಬೇಕಾಗಿರಲಿಲ್ಲ, ಅವರದೇ ಹೆಸರುಗಳಿದ್ದವು. ಒಂದು ಚಳಿಗಾಲದ ಬೆಳೆಯ ವಿಮಾನ, ಇನ್ನೊಂದು ಸರೋಜಳ ಬಾಣಂತನದ ಬೆಳೆಯದು. ಬಾಲ ಸೊಟ್ಟಗಿರುವುದು ಹಾಲು ರೋಗದ ವಿಮಾನ. ಆ ಸಲ ಹುಳಕ್ಕೆಲ್ಲ ಹಾಲು ರೋಗ ಬಂದು ಬೆಳೆಯನ್ನು ಗುಂಡಿಗೆ ಹಾಕಬೇಕಾಯಿತು. ಬೆಳೆ ಹೋದಾಗ ಮನೆಯಲ್ಲಿ ಯಾರು ಏನು ತಂದರು, ಏನು ಮುಟ್ಟಿದರು ಎಂಬ ವಿಚಾರಣೆ ನಡೆಯುತ್ತದೆ. ಅಣ್ಣ ಕೊಟ್ಟಿಗೆಯ ಕಡೆ ನೋಡಿದ. ಅತ್ತಿಗೆ ಹುಳ ಸಾಕುವ ತಟ್ಟೆ ತೊಳೆಯುತ್ತಿದ್ದವರು ತಲೆಯೆತ್ತಲೂ ಇಲ್ಲ.

"ಅವ್ನು ಮುಟ್ಟಿಲ್ಲ. ಆ ವಾಸ್ನೆ ನಂಗ್ ಗೊತ್ತು," ಎಂದರು.

ವಿಚಾರಣೆ ಅಲ್ಲಿಗೆ ಮುಗಿಯಿತು. ನಾನು ನಿಜಕ್ಕೂ ಮುಟ್ಟಿರಲಿಲ್ಲ. ಆದರೆ ಅದನ್ನು ನನ್ನ ಬಾಯಿಂದ ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲವಲ್ಲ, ಅದು ನನಗೆ ಬಹಳ ದಿನ ಹಿತವಾಗಿತ್ತು.

ಅಣ್ಣ ತೀರಿಕೊಂಡದ್ದು ಎರಡು ವರ್ಷದ ಹಿಂದೆ, ಸೊಪ್ಪು ಕೊಯ್ಯಲು ಹೋದವನು ತೋಟದ ಬದುವಿನಲ್ಲೇ. ಹುಳ ಆಗ ನಾಲ್ಕನೇ ಜ್ವರ ಎದ್ದು ಹಸಿದುಕೊಂಡಿದ್ದವು. ಅವನನ್ನು ಜಗಲಿಯಲ್ಲಿ ಮಲಗಿಸಿದರು. ಬಂದವರು ಬಂದಹಾಗೆ ತಲೆಯ ಹತ್ತಿರ ಊದುಬತ್ತಿ ಹಚ್ಚಿದರು, ಕಟ್ಟುಕಟ್ಟಾಗಿ. ಹೊಗೆ ನಡುಮನೆಗೆ ನುಗ್ಗುವುದನ್ನು ನಾನು ನೋಡಿದೆ, ಅತ್ತಿಗೆಯೂ ನೋಡಿದರು. ಎದ್ದು ಬಾಗಿಲು ಹಾಕಲಿಲ್ಲ. ಸೊಪ್ಪು ಹಾಕುವವರೂ ಇರಲಿಲ್ಲ. ಆ ಬೆಳೆ ಹೋಯಿತು, ಅದಾದ ಮೇಲೆ ಅವರು ಹುಳ ತರಲಿಲ್ಲ. ತೋಟದ ಸೊಪ್ಪನ್ನು ಬೇರೆಯವರಿಗೆ ಮಾರತೊಡಗಿದರು. ನಡುಮನೆಯ ಗೋಡೆಗೆ ಅಣ್ಣನ ಫೋಟೋ ಬಂತು, ಅದರ ಮುಂದೆ ದಿನವೂ ಊದುಬತ್ತಿ. ಅವರು ಅಳುತ್ತಿದ್ದರೆಂದಲ್ಲ. ಕೆಲಸವಿಲ್ಲದೆ ಕೂರುತ್ತಿದ್ದರು, ಅದು ನೋಡಲು ಇನ್ನೂ ಕಷ್ಟ.

ನನಗೂ ನಿವೃತ್ತಿಯಾದದ್ದು ಅದರ ಆಸುಪಾಸಿನಲ್ಲೇ. ಯಾವ ದಿನ ಬೇಕಾದರೂ ಗೋಂದು ತೆಗೆಯಬಹುದಿತ್ತು, ತಡೆಯುವವರಿಲ್ಲ. ತೆಗೆಯುತ್ತಿರಲಿಲ್ಲ ಎನ್ನುವುದನ್ನು ಆಗಲೇ ಹೇಳಿದೆ.

ಆ ದಿನ ಮುಚ್ಚಳ ಬಿಟ್ಟ ಮೇಲೆ ಪೈಲಟನ ಕುರ್ಚಿ ಅಂಟಿಸಿದೆ, ಒಡಲಿನ ಎರಡು ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ವಾಸನೆ ನಡುಮನೆಗೆ ಹೋಗಿರಬೇಕು, ಅತ್ತಿಗೆ ಬಾಗಿಲಿಗೆ ಬಂದರು. ನಾನು ಅಭ್ಯಾಸಬಲದಿಂದ ಶೀಶೆ ಮುಚ್ಚಲು ಹೋದೆ.

"ಮಾಡ್ಕೊಳಪ್ಪ ಮೇಷ್ಟ್ರೆ. ಈಗ ಯಾರ್ಗೇನಾಗ್ಬೇಕಾಗೈತೆ," ಎಂದು ಹೇಳಿ ಹೋದರು.

ನನಗೆ ಕೆಲಸ ಕೊಟ್ಟ ಸರಕಾರ ಬೀಳ್ಕೊಟ್ಟಾಗಲೂ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಆ ವಿಮಾನವನ್ನು ಕಟ್ಟುವುದು ಬೇಡವೆನಿಸಿತು. ಆದರೂ ಇಂಟರ್ನೆಟ್ಟಿನ ಮದ್ದನ್ನು ಪೂರ್ತಿ ಕುಡಿಯೋಣವೆಂದು ಮಾರನೆಯ ದಿನವೂ ಕೂತು ಒಡಲಿಗೆ ಮೊದಲ ಸುತ್ತಿನ ಬಣ್ಣ ಕೊಟ್ಟೆ. ಥಿನ್ನರ್ ಸ್ವಲ್ಪ ಹೆಚ್ಚೇ ಬಿತ್ತು.

ಅದೇ ಹೊತ್ತಿಗೆ ಭಾಗ್ಯಮ್ಮ ಬಂದಳು. ನಮ್ಮ ಬೀದಿಯ ಕೊನೆಯ ಮನೆಯವಳು. ಅವರ ಮನೆ ಚಿಕ್ಕದು, ಅದರಲ್ಲೇ ಕುರಿಗಳು ಬೇರೆ. ನಮ್ಮ ನಡುಮನೆ ಬರಿದಾಗಿದೆಯಲ್ಲ, ಅದನ್ನು ಬಾಡಿಗೆಗೆ ಕೊಟ್ಟರೆ ಒಂದು ಬೆಳೆ ಹುಳ ಇಡುತ್ತೇನೆ ಎಂದು ಅತ್ತಿಗೆಯನ್ನು ಕೇಳಿದ್ದಳಂತೆ. ಅತ್ತಿಗೆ ಬಂದು ನೋಡಿಕೊಂಡು ಹೋಗು ಎಂದಿದ್ದರು. ಅವಳು ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು ನಿಂತಳು, ಮೂಗು ಅರಳಿಸಿದಳು, ಫೋಟೋದ ಮುಂದಿನ ಊದುಬತ್ತಿ ನೋಡಿದಳು, ನನ್ನ ಕೋಣೆಯ ಕಡೆ ನೋಡಿದಳು.

"ಈ ಮನೇಲಿ ಇನ್ನ ಹುಳ ಆಗಕ್ಕಿಲ್ಲ ಬುಡಕ್ಕ," ಎಂದು ಮೆಲ್ಲಗೆ ಹೇಳಿದಳು.

ಅವಳದು ಕುಹಕವಲ್ಲ, ಕಂಡದ್ದನ್ನು ಹೇಳಿದ್ದಳು. ಕಾಫಿ ಕುಡಿದು ಹೋದಳು. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಮುದ್ದೆಯನ್ನು ಮುರಿಯದೆ ಮುಂದಿಟ್ಟುಕೊಂಡು, "ನಮ್ಮನೇಲಿ ಹುಳ ಆಗಕ್ಕಿಲ್ವಂತೆ," ಎಂದು ಒಂದೇ ಸಲ ಹೇಳಿದರು. ನನಗಾಗಲಿ ಸರೋಜಳಿಗಾಗಲಿ ಹೇಳಿದಂತಿರಲಿಲ್ಲ.

ಬೆಳಿಗ್ಗೆ ಎಚ್ಚರವಾದದ್ದು ಅಂಗಳದಲ್ಲಿ ಏನನ್ನೋ ಬಡಿಯುವ ಸದ್ದಿಗೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅತ್ತಿಗೆ ಗೋಡೆಗೆ ಒರಗಿಸಿಕೊಂಡು ಧೂಳು ಕೊಡವುತ್ತಿದ್ದರು. ಅಂದು ಶುರುವಾದದ್ದು ವಾರವಿಡೀ ನಡೆಯಿತು. ತಟ್ಟೆಗಳು ಬ್ಲೀಚಿಂಗ್ ಪೌಡರಿನ ನೀರು ಕಂಡವು, ಗೋಡೆಗಳು ಸುಣ್ಣ ಕಂಡವು, ಕಿಟಕಿಯ ಬಲೆಗೆ ಹೊಲಿಗೆ ಬಿತ್ತು. ಸೊಪ್ಪು ಕೊಳ್ಳುತ್ತಿದ್ದವನಿಗೆ ಇನ್ನು ಬರಬೇಡ ಎಂದು ಹೇಳಿ ಕಳುಹಿಸಿದರು. ಕೊನೆಯ ದಿನ ಅಣ್ಣನ ಫೋಟೋದ ಮುಂದಿದ್ದ ಊದುಬತ್ತಿಯ ಪೀಠವನ್ನು ತೊಳೆದು ಒರೆಸಿ ಒಳಗಿಟ್ಟು, ಫೋಟೋಗೆ ಒಂದು ಹೂವು ಮುಡಿಸಿದರು. ಹಾಗೆಯೇ ಇರಲಿಬಿಡಿ, ಅದೊಂದಕ್ಕೆ ಏನಾಗುತ್ತದೆ ಎಂದು ಸರೋಜ ಅಂದಳು.

"ಅವ್ರಿಗ್ ಗೊತ್ತಾಯ್ತದೆ ಬುಡು," ಎಂದರು ಅತ್ತಿಗೆ.

ನಾನು ಕೋಣೆಯಲ್ಲಿ ಕೂತು ಅದನ್ನು ಕೇಳಿದೆ. ಕಣ್ಣು ಮಂಜಾಯಿತು. ಥಿನ್ನರ್ ಹಾಗೆ ಮಾಡುವುದುಂಟು, ಆದರೆ ಅಂದು ನಾನು ಥಿನ್ನರ್ ತೆಗೆದಿರಲಿಲ್ಲ. ಒಂದು ಗಳಿಗೆ ಬಿಟ್ಟು ಅತ್ತಿಗೆ ನನ್ನ ಬಾಗಿಲಿಗೂ ಬಂದರು. ಸೋಮವಾರ ಮರಿಹುಳ ಬರುತ್ತವೆ, ಅದನ್ನೆಲ್ಲ ಎತ್ತಿಡಪ್ಪ ಎಂದರು. ಒಡಲು ಆಗಿದೆ, ರೆಕ್ಕೆ ಎರಡು ಅಂಟಿಸಿಬಿಡುತ್ತೇನೆ, ನಾಳೆವರೆಗೆ ಬಿಡಿ ಎಂದು ನಾನು ಗೋಗರೆದೆ.

"ಆಗಕ್ಕಿಲ್ಲ," ಎಂದರು.

ಆ ಮಾತನ್ನು ಹೀಗೆ ಅವರ ಬಾಯಿಂದ ಕೇಳಿ ಎರಡು ವರ್ಷವಾಗಿತ್ತು. ನನಗೆ ಸಂತೋಷವಾಯಿತು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷ. ಮಂಡಿ ನೋವಿನಿಂದ ಅವರಿಗೆ ಈಗ ಅಟ್ಟ ಹತ್ತಲಾಗದು, ಹಾಗಾಗಿ ನನ್ನ ಗಡೀಪಾರನ್ನು ನಾನೇ ನಡೆಸಿಕೊಂಡೆ.

ಈಗ ನಡುಮನೆಯಲ್ಲಿ ಹುಳವಿದೆ. ಮೊದಲಿನಷ್ಟಿಲ್ಲ, ಅವರ ಕೈಲಾಗುವಷ್ಟು. ಸೊಪ್ಪು ಕೊಯ್ಯುವುದು ನನ್ನ ಪಾಲಿಗೆ ಬಂದಿದೆ, ನಾನು ತರುವ ಸೊಪ್ಪಿನಲ್ಲಿ ಅರ್ಧ ಬಲಿತದ್ದು ಎಂಬ ದೂರು ದಿನಾ ಇದೆ. ಭಾಗ್ಯಮ್ಮ ಬಂದು ಬಾಗಿಲಲ್ಲೇ ನಿಂತು ನೋಡಿ ಹೋದಳು, ಕಾಲು ತೊಳೆಯದೆ ಅತ್ತಿಗೆ ಅವಳನ್ನು ಒಳಗೆ ಬಿಡಲಿಲ್ಲ. ನನ್ನ ವಿಮಾನ ರೆಕ್ಕೆಯಿಲ್ಲದೆ ಕೊಟ್ಟಿಗೆಯಲ್ಲಿದೆ. ಜೋಡಿಸುವ ಕ್ರಮದ ಚಿತ್ರವಿರುವ ಹಾಳೆಯೊಂದನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ಕಾಗದಕ್ಕೆ ವಾಸನೆಯಿಲ್ಲ. ಹಿಪ್ಪುನೇರಳೆಯ ಸಾಲಿನಲ್ಲಿ ನಿಂತು ಅದನ್ನು ತೆಗೆದು ನೋಡುತ್ತೇನೆ. ಎಡಗಡೆಯ ರೆಕ್ಕೆಯ ಬುಡವನ್ನು ಒಂಚೂರು ಉಜ್ಜಿಕೊಂಡರೆ ಸಂದಿ ಕಾಣುವುದಿಲ್ಲ, ಅದು ನಿನ್ನೆ ಹೊಳೆಯಿತು. ಸಂಜೆ ಸೊಪ್ಪಿನ ಹೊರೆ ಇಳಿಸುತ್ತ, ಇನ್ನು ಎಷ್ಟು ದಿನವಾದೀತು ಎಂದು ಅತ್ತಿಗೆಯನ್ನು ಕೇಳಿಯೇಬಿಟ್ಟೆ.

"ಮೂರ್ನೇ ಜ್ವರ್ಕೆ ಕೂತವೆ. ಒಸಿ ತಡ್ಕೊಳಪ್ಪ," ಎಂದರು.

ತಡೆದುಕೊಂಡಿದ್ದೇನೆ. ಬಹಳ ಕಷ್ಟವಾಗುತ್ತಿದೆ.