ಕತ್ತರಿಸಿದ ಹಸಿರು ತಂತಿ

ಮೌಲಾಲಿ, ತಪ್ಪು ನಿನ್ನ ಮೈಕಿನದಲ್ಲ. ನಮ್ಮ ಕೊಟ್ರೇಶಿಗೆ ವೇದಿಕೆಯ ಮೇಲೆ ಶಾಕ್ ಹೊಡೆದದ್ದು ನಾನು ರಿಪೇರಿ ಮಾಡಿಕೊಟ್ಟ ಗಿಟಾರ್ ಆಂಪ್ಲಿಫೈಯರಿನಿಂದ. ಅದು ಮರುದಿನವೇ ನನಗೆ ಗೊತ್ತಾಯಿತು. ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ — ನೀನು ಎದುರಿಗೆ ನಿಂತು ಕೇಳಿದಾಗಲೂ.

ಆ ಆಂಪ್ಲಿಫೈಯರನ್ನು ಅವನು ಹಂಪಿಯಲ್ಲಿ, ತನ್ನ ದೇಶಕ್ಕೆ ಹೊರಟು ನಿಂತಿದ್ದ ಪ್ರವಾಸಿಯೊಬ್ಬನಿಂದ ಕೊಂಡಿದ್ದ. ಹಿಂಬದಿಯಲ್ಲಿ ನೂರಾ ಹದಿನೇಳು ವೋಲ್ಟ್ ಎಂದಿತ್ತು. ನಮ್ಮ ಕರೆಂಟಿಗೆ ಹಾಗೇ ಹಚ್ಚಿದರೆ ಸುಟ್ಟುಹೋಗುತ್ತದೆ. ಕೊಟ್ಟೂರಿನ ನನ್ನ ಅಂಗಡಿಗೆ ತಂದಿಟ್ಟ. ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬೇರೆ ಥರ ಜೋಡಿಸಿ ಇನ್ನೂರಾ ಮೂವತ್ತಕ್ಕೆ ತಂದೆ, ಫ್ಯೂಸ್ ಬದಲಿಸಿದೆ, ಎರಡು ಪಿನ್ನಿನ ಹಳೆಯ ವೈರು ಕಿತ್ತು ಮೂರು ಪಿನ್ನಿನದು ಹಾಕಿದೆ. ಅರ್ಥಿಂಗಿನ ಹಸಿರು ತಂತಿಯನ್ನು ಒಳಗಿನ ಕಬ್ಬಿಣದ ಚೌಕಟ್ಟಿಗೆ ಬೆಸೆದೆ. ಆದರೆ ಕರೆಂಟಿನ ತಂತಿಗೂ ಆ ಚೌಕಟ್ಟಿಗೂ ನಡುವೆ ಒಂದು ಹಳೆಯ ಕೆಪಾಸಿಟರ್ ಇತ್ತು. ಅದು ಕೆಟ್ಟರೆ ಕರೆಂಟು ಚೌಕಟ್ಟಿಗೇ ಬರುತ್ತದೆ, ತೆಗೆಯಬೇಕಾಗಿತ್ತು. ಬಂದರೂ ನೆಲಕ್ಕೆ ಒಯ್ಯಲು ಹಸಿರು ತಂತಿ ಇದೆಯಲ್ಲ, ಇರಲಿ ಬಿಡು ಅಂದುಕೊಂಡೆ.

ವಾರಕ್ಕೇ ಕೊಟ್ರೇಶಿ ವಾಪಸ್ ಬಂದ. 'ಬಸಣ್ಣ, ಗುಂಯ್ ಅಂತ ಒಂದ ಸಮ ಒದರತೈತಿ. ನಾಳಿಗೆ ಹರಪನಹಳ್ಳ್ಯಾಗ ಮದುವಿ ಪ್ರೋಗ್ರಾಮ್ ಐತಿ, ಏನರ ಮಾಡು.'

ನಮ್ಮ ಕಡೆ ಗುಂಯ್‌ಗುಡುವುದಕ್ಕೆ ಏನು ಔಷಧಿ ಅಂತ ನಿನಗೂ ಗೊತ್ತು. ಅರ್ಥಿಂಗ್ ಕೆಟ್ಟೇ ಆ ಸದ್ದು ಬರುವುದು, ಆದರೆ ಈ ಒಣ ನೆಲದಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವವರು ಯಾರು? ಪ್ಲಗ್ ಬಿಚ್ಚುವುದು, ಹಸಿರು ತಂತಿ ಕತ್ತರಿಸುವುದು, ಟೇಪ್ ಸುತ್ತುವುದು. ಎಷ್ಟು ಪೆಟ್ಟಿಗೆಗಳಿಗೆ ಹಾಗೆ ಮಾಡಿದ್ದೆನೋ. ಇದಕ್ಕೂ ಮಾಡಿದೆ. ಸದ್ದು ನಿಂತಿತು. 'ನಿನ್ನ ಕೈ ಅಂದ್ರ ಕೈ' ಎಂದು ಅವನು ಬೆನ್ನು ತಟ್ಟಿದ — ಕೆಪಾಸಿಟರಿನ ನೆನಪು ನನಗೆ ಬರಲೇ ಇಲ್ಲ.

ಮರುದಿನ ಸಂಜೆ ಹರಪನಹಳ್ಳಿಯ ವೇದಿಕೆಯಲ್ಲಿ ಆ ಹಳೆಯ ಕೆಪಾಸಿಟರ್ ಇನ್ನೂರಾ ಮೂವತ್ತಕ್ಕೆ ತಡೆಯದೆ ಹೋಯಿತು. ಚೌಕಟ್ಟಿಗೆ ಬಂದ ಕರೆಂಟು ಗಿಟಾರಿನ ತಂತಿಗೂ ಬಂತು. ಅವನ ಬೆರಳು ತಂತಿಯ ಮೇಲೆ, ತುಟಿ ಅರ್ಥಿಂಗ್ ಇದ್ದ ನಿನ್ನ ಮೈಕಿಗೆ; ಕರೆಂಟು ಅವನ ಮೈಯೊಳಗಿಂದಲೇ ಹಾದುಹೋಯಿತು. ಹಿಂದಕ್ಕೆ ಚಿಮ್ಮಿ ವೇದಿಕೆಯಿಂದ ಬಿದ್ದ. ಎಡಗೈ ಮಣಿಕಟ್ಟು ಮುರಿಯಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಗಿಟಾರ್ ಅಲ್ಲಿಗೇ ಮುಗಿಯಿತು.

ತುಟಿ ಸುಟ್ಟಿತ್ತು, ಹಾಗಾಗಿ ಎಲ್ಲರೂ ಮೈಕನ್ನೇ ನೋಡಿದರು. ಆಂಪ್ಲಿಫೈಯರ್ ಚೆಕ್ ಮಾಡೆಂದು ನನ್ನ ಹತ್ತಿರವೇ ತಂದರು. ಬಿಚ್ಚಿದ ಕೂಡಲೇ ತಿಳಿಯಿತು. ಕೆಪಾಸಿಟರ್ ಕಿತ್ತೆ, ಹಸಿರು ತಂತಿ ಕೂಡಿಸಿದೆ, ಮುಚ್ಚಿದೆ — ಬರೀ ಹತ್ತು ನಿಮಿಷ. 'ಇದರಾಗ ಏನೂ ಇಲ್ಲ' ಎಂದು ಹೇಳಿ ಕಳಿಸಿದೆ.

ಆಮೇಲೆ ನೀನು ಬಂದೆ. 'ನಿಜ ಹೇಳು ಬಸಣ್ಣ, ನನ್ನ ಮೈಕಿಂದನ ಆಗಿದ್ದೇನು? ಮೂರು ಸಲ ಬಿಚ್ಚಿ ನೋಡೀನಿ, ನನಗೇನೂ ಕಾಣವಲ್ದು.'

'ಹೌದೋ, ನಿನ್ನ ಮೈಕಿಂದನ' ಎಂದೆ.

ನೀನು ನಂಬಿದೆ. ಮೌಲಾಲಿ ಮೈಕ್ ಶಾಕ್ ಹೊಡೀತೈತಿ ಎಂಬ ಮಾತು ಊರೂರಿಗೆ ಹಬ್ಬಿತು. ಕಾರ್ಯಕ್ರಮಕ್ಕೆ ಕರೆಯುವವರು ಇಲ್ಲವಾದರು. ನೀನು ಮೈಕ್ ಸೆಟ್ ಮಾರಿ ಹಣ್ಣಿನ ಬಂಡಿ ಹಾಕಿಕೊಂಡೆ. ಒಂದೇ ತಾಟಿನಲ್ಲಿ ಉಂಡ ಗೆಳೆಯ ಕೊಟ್ರೇಶಿ ನಿನ್ನ ಕಂಡರೆ ಹಾದಿ ಬದಲಿಸುವಂತಾಯಿತು. ನಾನು ಮಾತ್ರ ಇಬ್ಬರ ಮನೆಗೂ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ನಿನ್ನ ಹೆಂಡತಿ ಚಹಾದ ಕಪ್ಪು-ಬಸಿ ಮುಂದಿಟ್ಟಾಗಲೆಲ್ಲ ಹಾಗಾಗುತ್ತಿತ್ತು. ಆದರೂ ಕುಡಿದೆ.

ಮೊನ್ನೆ ಕೊಟ್ರೇಶಿ ಅಂಗಡಿಗೆ ಬಂದಿದ್ದ. ನಿನ್ನ ಮಗಳ ಮದುವೆ ಪತ್ರಿಕೆ ಅವನಿಗೂ ಬಂದಿದೆ. 'ಆ ಕೂಸನ್ನ ಎತ್ತಿ ಆಡಿಸೀನಿ ಬಸಣ್ಣ. ಆದರ ಅವನ ಮನ್ಯಾಗ ಈ ಕೈ ನೋಡ್ಕೋತ ಹೆಂಗ ಉಣ್ಣಲಿ? ನಾ ಹೋಗಂಗಿಲ್ಲ' ಎಂದು ಬೆರಳು ತೋರಿಸಿದ. ಹೇಳುವುದಾದರೆ ಆಗಲೇ ಹೇಳಬೇಕಿತ್ತು — ನಾನು ಚಹಾ ತರಿಸಿದೆ.

ಆ ಕೆಪಾಸಿಟರ್ ಇನ್ನೂ ನನ್ನ ಮೇಜಿನ ಡ್ರಾದಲ್ಲಿದೆ. ಯಾಕೆ ಎಸೆಯಲಿಲ್ಲವೋ, ನನಗೇ ತಿಳಿಯದು. ನಾಳೆ ಮುಂಜಾನೆ ಹಗರಿಬೊಮ್ಮನಹಳ್ಳಿಗೆ, ಕೊಟ್ರೇಶಿಯ ಮನೆಗೆ ಹೋಗಿ ಅದನ್ನು ಅವನ ಕೈಯಲ್ಲಿ ಇಟ್ಟು, ನಿನಗೆ ಬರೆದ ಇದನ್ನೇ ಅವನಿಗೂ ಹೇಳುತ್ತೇನೆ. ಅವನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಕ್ಷಮಿಸು ಅಂತ ನಿಮ್ಮಿಬ್ಬರಲ್ಲಿ ಯಾರನ್ನೂ ಕೇಳುವುದಿಲ್ಲ.

ಮದುವೆಗೆ ಅವನು ಬಂದರೆ ನಿನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣು. ನನಗೆ ಕೊಟ್ಟ ಪತ್ರಿಕೆಯನ್ನು ಇದರ ಜೊತೆಗೇ ವಾಪಸ್ ಇಟ್ಟಿದ್ದೇನೆ. ಅದು ನೀನು ಬೇರೆ ಬಸಣ್ಣನಿಗೆ ಬರೆದದ್ದು.