ನಮ್ಮತ್ತೆಯ ಅಣ್ಣು ಬಾಂಬು

ಫೋನಲ್ಲಿ ಕನ್ನಡ ಒತ್ತೋದು ಕಲ್ತು ಹದಿನೈದು ದಿನ ಆಯ್ತು. ಮೊಮ್ಮಗಳು ಹೇಳ್ಕೊಟ್ಟಿದ್ದು. ಇವತ್ತು ಪೇಪರಲ್ಲಿ ಯಾರ ಹತ್ರ ಎಷ್ಟು ಅಣುಬಾಂಬಿದೆ ಅಂತ ಓದಿ, ತಂಗಿಗೆ ಮೆಸೇಜ್ ಹಾಕೋಣ ಅಂತ ‘ಅಣು’ ಒತ್ತಿದ್ರೆ ಫೋನು ‘ಅಣ್ಣ’ ಅಂತು. ಅಳ್ಸಿ ಮತ್ತೆ ಒತ್ತಿದೆ, ‘ಹಣ್ಣು’ ಅಂತು. ಒಬ್ಳೇ ಕೂತು ನಕ್ಕಿದ್ದೇ ನಕ್ಕಿದ್ದು. ಇದೇ ತಪ್ಪನ್ನ ನಮ್ಮತ್ತೆ ಫೋನಿಲ್ದೇನೇ ಮಾಡಿದ್ರು, ಅರವತ್ತು ವರ್ಷದ ಹಿಂದೆ, ಯಲಹಂಕದಲ್ಲಿ.

ನಾನು ಯಶವಂತಪುರದ ಹುಡುಗಿ. ಏಳನೇ ಕ್ಲಾಸ್ ಪಾಸು, ಅದೇ ದೊಡ್ಡ ಜಂಬ. ಹದಿನೆಂಟಕ್ಕೆ ಮದ್ವೆ ಆಗಿ ಯಲಹಂಕಕ್ಕೆ ಬಂದ್ರೆ ಅಲ್ಲಿ ‘ಹ’ ಅನ್ನೋ ಅಕ್ಷರಕ್ಕೆ ಕೆಲ್ಸಾನೇ ಇಲ್ಲ. ಹಾಲು ಆಲು, ಹೂವು ಊವು, ಹಣ್ಣು ಅಣ್ಣು. ನಾನು ‘ಹಾಲು’ ಅಂದ್ರೆ ಅತ್ತೆ, “ಯಾಕೇ ಉಡುಗಿ ಇಂಗೆ ಏದುಸ್ರು ಬುಟ್ಕೊಂಡು ಮಾತಾಡ್ತೀಯ, ಓಡ್ಕೊಂಡ್ ಬಂದ್ಯಾ?” ಅಂತ ರೇಗ್ಸೋರು.

ಅತ್ತೆಗೆ ಓದಕ್ಕೆ ಬರ್ತಿರ್ಲಿಲ್ಲ, ಆದ್ರೆ ದಿನಾ ಪೇಪರ್ ಬೇಕೇ ಬೇಕು. ಯಾಕಂದ್ರೆ ಅವರ ಚಿಕ್ಕ ಮಗ, ನನ್ನ ಮೈದುನ, ಮಿಲ್ಟ್ರೀಲಿದ್ದ. ಚೀನಾ ಗಡಿ ಕಡೆ ಎಲ್ಲೋ ಬೆಟ್ಟದ ಮೇಲೆ. ನಾನು ಬರೋ ಮುಂಚೆ ಚೀನಾ ಯುದ್ಧ ಆದಾಗ ಅವನ ಕಾಗ್ದಾನೇ ನಿಂತೋಗಿತ್ತಂತೆ. ಅತ್ತೆ ಊಟ ಬಿಟ್ಟು ಬರೀ ಗಂಜೀಲಿದ್ದು, ಕೈ ಎತ್ತಿದ್ರೆ ಬಳೆ ಮೊಣಕೈವರ್ಗೂ ಜಾರೋದಂತೆ. ನಮ್ಮೆಜಮಾನ್ರು ಮದ್ವೆ ಆದ ವಾರದಲ್ಲೇ ನಂಗೆ ಹೇಳಿದ್ರು, “ಇನ್ಮೇಲೆ ಪೇಪರ್ ಓದೋದು ನಿನ್ ಕೆಲ್ಸ. ಹೆಂಗಾದ್ರೂ ಓದು, ಅಮ್ಮ ಮಾತ್ರ ಊಟ ಬಿಡ್ಬಾರ್ದು. ಇನ್ನೊಂದ್ಸಲ ಅಂದ್ರೆ ಅವ್ಳು ಉಳಿಯಲ್ಲ.”

ಒಂದಿನ ಸಾಯಂಕಾಲ ಅತ್ತೆ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ರು. ನಾನು ಪೇಪರ್ ಬಿಡಿಸ್ದೆ. ತಲೆಗೆ ಹೋಗೋ ಮುಂಚೆ ಬಾಯಿಗೆ ಬಂದ್ಬಿಡ್ತು: “ಚೀನಾ ಅಣುಬಾಂಬು ಸಿಡಿಸಿದೆ.”

ಓದಿದ್ಮೇಲೆ ತಟ್ಟನೆ ಪೇಪರ್ ಮಡಚ್ದೆ. ಜಪಾನಲ್ಲಿ ಊರಿಗೂರೇ ಬೂದಿ ಆಗಿದ್ದು ನಮ್ಮ ಮೇಷ್ಟ್ರು ಹೇಳಿದ್ರು. ಮುಗೀತು, ಇವತ್ತಿಂದ ಅತ್ತೆ ಊಟ ಬಿಟ್ಟಂಗೇ ಅನ್ಕೊಂಡೆ.

ಅತ್ತೆ ಕೈ ನಿಲ್ಲಿಸಿ ಕೇಳಿದ್ರು, “ಅಣ್ಣಲ್ಲಿ ಬಾಂಬ್ ಮಡಗವ್ರಾ?”

ನಂಗೆ ಒಂದ್ನಿಮಿಷ ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ‘ಅಣು’ ಅನ್ನೋ ಪದಾನೇ ಅವರು ಹುಟ್ಟಿದಾಗಿಂದ ಕೇಳಿಲ್ಲ. ಅವರಿಗೆ ಗೊತ್ತಿರೋದು ಅಣ್ಣು.

“ಯಾವ ಅಣ್ಣಂತೆ?”

ಸರಿ ಮಾಡ್ಬೇಕಿತ್ತು. ಮಾಡ್ಲಿಲ್ಲ. “ಪೇಪರಲ್ಲಿ ಯಾವುದು ಅಂತ ಹಾಕಿಲ್ಲ ಅತ್ತೆ” ಅಂದೆ. ಅಷ್ಟು ಗಂಭೀರವಾಗಿ ಮುಖ ಇಟ್ಕೊಳಕ್ಕೆ ಕೆನ್ನೆ ಒಳಗಡೆ ಕಚ್ಕೊಂಡಿದ್ದೆ.

“ತೂ, ತಿನ್ನೋ ಪದಾರ್ಥದಲ್ಲಿ! ಮನ್ಸರಾ ಅವ್ರು?” ಅಂತ ಉಗಿದು, ಆ ಕ್ಷಣಾನೇ ಕಾಗ್ದ ತರ್ಸಿದ್ರು. “ಬರಿ. ಮಗಾ, ಯಾರ್ ಕೊಟ್ರೂ ಅಣ್ಣು ಮುಟ್ಬೇಡ. ನಿಮ್ ದೊಡ್ಡ ಸಾಯೇಬ್ರು ಕೊಟ್ರೂ ಬ್ಯಾಡ. ನನ್ ಮೇಲಾಣೆ.” ಬರೆಸಿ ಮುಗಿಸಿ ಎರಡು ಮುದ್ದೆ ಉಂಡ್ರು. ಮಗನ್ನ ಕಾಪಾಡೋಕೆ ತನ್ನ ಕೈಲಿ ಆಗೋ ಅಂಥದ್ದೊಂದು ಸಿಕ್ಕಿತ್ತಲ್ಲ.

ಮನೇಲೂ ಕಾನೂನು ಬಂತು. ಸೀಬೇಕಾಯಿ ತಂದ್ರೆ ಮೊದ್ಲು ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲಿಟ್ಟು, ಮುಖ ಆ ಕಡೆ ತಿರುಗಿಸ್ಕೊಂಡು ಕುಯ್ಯೋರು. ನಮ್ಮೆಜಮಾನ್ರಿಗೆ ಕೇಳಿ ನಕ್ಕು ನಕ್ಕು ಕೆಮ್ಮು ಬಂತು. “ಪಾಪ ಕಣೇ, ಹೇಳ್ಬಿಡು” ಅಂದ್ರು. “ನೀವೇ ಹೇಳಿ” ಅಂದೆ. ಅವರೂ ಹೇಳ್ಲಿಲ್ಲ.

ಒಂದು ತಿಂಗ್ಳಿಗೆ ಮೈದುನನ ಉತ್ರ ಬಂತು. ‘ಅಮ್ಮಾ, ನೀನು ಹೇಳಿದಂಗೇ ಹಣ್ಣು ಬಿಟ್ಟಿದ್ದೀನಿ.’ ಜೋರಾಗಿ ಓದ್ದೆ. ಕೆಳಗಡೆ ಸಣ್ಣಕ್ಷರದಲ್ಲಿ ಇದ್ದಿದ್ದನ್ನ ಮಾತ್ರ ಮನಸ್ಸಲ್ಲಿ ಓದ್ಕೊಂಡೆ. ‘ಅತ್ಗೆ, ಇದು ನಿಮ್ದೇ ಕಿತಾಪತಿ ಅಂತ ಗೊತ್ತು. ಆದ್ರೂ ಅಮ್ಮನಾಣೆ ಅಲ್ವಾ, ನಿಜವಾಗ್ಲೂ ಬಿಟ್ಟೆ. ಇಲ್ಲಿ ಸೇಬು ಕೊಡ್ತಾರೆ, ಪಕ್ಕದವನು ತಿಂದು ತಿಂದು ದಪ್ಪ ಆಗಿದ್ದಾನೆ.’ ಓದಿ ನಗು ಬಂತು, ಹಿಂದೇನೇ ಪಾಪ ಅನ್ನಿಸ್ತು.

ಸಿಕ್ಕಾಕೊಂಡಿದ್ದು ಒಂದು ಚಕ್ಕೋತದಿಂದ. ಪಕ್ಕದ್ಮನೆಯವ್ರನ್ನ ಎಲ್ರೂ ಖಾಲಾ, ಅಂದ್ರೆ ಚಿಕ್ಕಮ್ಮ, ಅಂತಿದ್ವಿ. ಬುಟ್ಟೀಲಿ ಹಣ್ಣು ಹೊತ್ತು ಮಾರ್ತಿದ್ರು. ಮನೇಲಿ ಉರ್ದು, ನಮ್ಜೊತೆ ಕನ್ನಡ. ನಮ್ಮತ್ತೆ ಮೇಲೆ ಬಲು ಪ್ರೀತಿ, ದೇವನಹಳ್ಳಿ ಚಕ್ಕೋತ ಬಂದ್ರೆ ಒಂದು ಎತ್ತಿಟ್ಟು ಕೊಡೋರು. ಅವತ್ತು ಕೊಟ್ಟು ಇನ್ನೂ ಹಿತ್ತಲಲ್ಲೇ ನಿಂತಿದ್ರು. ಅತ್ತೆ ಆ ತಲೆ ಗಾತ್ರದ ಹಣ್ಣನ್ನ ಕಲ್ಲಿನ ಮೇಲಿಟ್ಟು, “ಎಲ್ಲಾ ದೂರ ಓಗ್ರಿ!” ಅಂತ ಕೂಗಿ ಮಚ್ಚೆತ್ತಿದ್ರು.

“ಏನಮ್ಮಾ ಇದು? ನನ್ ಹಣ್ಣು ನಿಂಗೆ ಹಾವಾ?” ಅಂದ್ರು ಖಾಲಾ. ಮುಖ ಸಣ್ಣಗಾಗಿತ್ತು.

“ನಿಂದಲ್ಲ ಬುಡವ್ವ, ಚೀನಾದವ್ರು ಅಣ್ಣಲ್ಲಿ ಬಾಂಬ್ ಮಡಗವ್ರೆ. ನಮ್ ಸೊಸೆ ಪೇಪರ್ನಾಗೆ ಓದುದ್ಲು.”

“ಯಾ ಅಲ್ಲಾ! ಹಣ್ಣಲ್ಲಮ್ಮಾ, ಅಣು, ಅಣು! ನಮ್ಮನೆಯವ್ರು ರೇಡಿಯೋದಲ್ಲಿ ಕೇಳಿದಾರೆ. ಒಂದೇ ಒಂದು ಬಿದ್ರೆ ಬೆಂಗ್ಳೂರು ಪೂರಾ ಖತಂ!”

ಖಾಲಾ ನಗ್ತಾ ಹೇಳಿದ್ರು, ಅತ್ತೆ ನಗ್ಲಿಲ್ಲ. ಮಚ್ಚು ಕೆಳಗಿಟ್ಟು ನನ್ನ ಕಡೆ ತಿರುಗಿ ನೋಡಿದ್ರು. ಆ ನೋಟಕ್ಕಿಂತ ಬೈಗುಳಾನೇ ವಾಸಿ ಇತ್ತು.

ಮಧ್ಯಾಹ್ನ ತಟ್ಟೆ ಹಾಕ್ದೆ. ದೂರ ತಳ್ಳಿದ್ರು.

“ತಪ್ಪಾಯ್ತು ಅತ್ತೆ. ನೀವು ಊಟ ಬಿಡ್ತೀರಾ ಅಂತ ಭಯ.”

“ಈಗ ನಿಜ ಏಳು. ಅದು ಬಿದ್ರೆ ಏನಾಯ್ತದೆ?”

ನಂಗೆ ಗೊತ್ತಿದ್ದಷ್ಟೂ ಹೇಳ್ದೆ. ಜಪಾನಿಂದೂ ಹೇಳ್ದೆ. ಅಮೇರಿಕದ ಹತ್ರ ಇದೆ, ರಷ್ಯಾದ ಹತ್ರ ಇದೆ, ಈಗ ಚೀನಾದ ಹತ್ರಾನೂ ಇದೆ ಅಂದೆ.

“ಎಲ್ರೂ ಒಬ್ರನ್ನೊಬ್ರು ನೋಡ್ಕೊಂಡು ಮಾಡ್ಕೊತಾವ್ರಾ?”

“ಹೂಂ.”

“ನಮ್ ಉಡುಗ ಉಸಾರಾಗಿದ್ರೆ ತಪ್ಪಿಸ್ಕೊಬೋದಾ?”

“ಇಲ್ಲ ಅತ್ತೆ. ಅಲ್ಲಿದ್ರೂ ಅಷ್ಟೇ, ಇಲ್ಲಿದ್ರೂ ಅಷ್ಟೇ.”

ಅತ್ತೆ ತಟ್ಟೆ ಮುಟ್ಲಿಲ್ಲ. ಮುದ್ದೆ ಆರಿ ಕಲ್ಲಾಯ್ತು. ಅಳ್ತಾರೆ ಅನ್ಕೊಂಡೆ. ಇದ್ದಕ್ಕಿದ್ದಂಗೆ ಹಣೆ ಚಚ್ಕೊಂಡ್ರು.

“ಅಯ್ಯೋ, ನನ್ ಮಗಾ ಇಷ್ಟ್ ದಿನದಿಂದ ಅಣ್ಣು ತಿಂದಿಲ್ವಲ್ಲೇ! ಸುಮ್ ಸುಮ್ನೆ! ಆ ಚಳೀಲಿ! ತಗಾ ಕಾಗ್ದ.”

“ಊಟ ಮಾಡಿ, ಆಮೇಲೆ ಬರಿಯೋಣ.”

“ಬರಿಯೇ ಮೊದ್ಲು! ಮಗಾ, ಆಣೆ ವಾಪಸ್ ತಗೊಂಡಿವ್ನಿ. ಸೇಬು ಕೊಟ್ರೆ ತಿನ್ನು. ದಾಳಿಂಬ್ರೆ ಕೊಟ್ರೆ ತಿನ್ನು. ಪಕ್ಕದೋನ್ದೂ ಕಿತ್ಕೊಂಡು ತಿನ್ನು. ನಿಮ್ಮತ್ಗೆ ಮಾತು ನಂಬ್ಬೇಡ.”

ಅರೆ, ಪಕ್ಕದವನ ವಿಷ್ಯ ಇವರಿಗೆ ಹೆಂಗೆ ಗೊತ್ತಾಯ್ತು? ಕೇಳಿದ್ರೆ, “ಸಣ್ ಅಕ್ಸರ ಇತ್ತು, ನೀನು ಓದ್ಲಿಲ್ಲ. ಖಾಲಾ ಮಗಳತ್ರ ಓದಿಸ್ಕೊಂಡಿದ್ದೆ” ಅಂದ್ರು. ಕಿತಾಪತಿ ಅಂತ ಬರ್ದಿದ್ದು ಏನೋ ನಮ್ಮಿಬ್ರ ತಮಾಷೆ ಅಂತ ಅವತ್ತು ಸುಮ್ನಾಗಿದ್ರಂತೆ.

ಬರ್ದು ಮುಗಿದ್ಮೇಲೆ ತಟ್ಟೆ ಹತ್ರ ಎಳ್ಕೊಂಡ್ರು. ಕಲ್ಲಾಗಿದ್ದ ಮುದ್ದೇನ ಬಿಸಿ ಸಾರಲ್ಲಿ ಮುಳುಗಿಸಿ, ಒಂದು ಚೂರೂ ಬಿಡ್ದೆ ಉಂಡ್ರು. ಕೈ ತೊಳ್ಕೊಂಡು, ಸೆರಗು ತಲೆ ಮೇಲೆ ಹಾಕ್ಕೊಂಡು, ಕಾಗ್ದ ಹಿಡ್ಕೊಂಡು ಪೋಸ್ಟಾಫೀಸಿಗೆ ಹೊರಟ್ರು. ನಾನು ಹಾಕ್ಬರ್ತೀನಿ ಅಂದ್ರೂ ಕೊಡ್ಲಿಲ್ಲ. ಪೋಸ್ಟ್ ಮೇಷ್ಟ್ರ ಕೈಲಿ ಮೊದ್ಲಿಂದ ಕೊನೇವರ್ಗೂ ಜೋರಾಗಿ ಓದಿಸಿ, ಸೊಸೆ ಸರಿಯಾಗೇ ಬರ್ದವ್ಳೆ ಅಂತ ಖಾತ್ರಿ ಮಾಡ್ಕೊಂಡ್ಮೇಲೇನೇ ಡಬ್ಬಕ್ಕೆ ಹಾಕಿದ್ರು.