ಗುಲಾಬಿ ಹುಡಿ

ಮೂವತ್ತರ ದಶಕದಲ್ಲಿ ಗೋಪನಕೊಪ್ಪ ಇನ್ನೂ ಹುಬ್ಬಳ್ಳಿಯ ಹೊರಗಿನ ಹಳ್ಳಿ. ಅಲ್ಲಿಗೆ ಸೊಸೆಯಾಗಿ ಬಂದ ಬೀರವ್ವ, ಮೃಗಶಿರಾ ಮಳೆ ಬಿದ್ದ ಮರುದಿನ ನಸುಕಿನಲ್ಲೇ ಹೊಲಕ್ಕೆ ಹೋಗಿ, ಒಂದು ಹುತ್ತದ ಮೇಲೆ ಗುಂಪಾಗಿ ಎದ್ದಿದ್ದ ಅಣಬೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಎರಡನ್ನು ನೆರೆಮನೆಯ ರೆಹಮತ್‌ಬಿಗೆಂದು ಕಾಂಡ ಮುರಿದು ಪಕ್ಕಕ್ಕಿಟ್ಟು, ಕೊಡೆಯಂಥ ತಲೆಗಳನ್ನು ಕರಿ ಬೀಸುಕಲ್ಲಿನ ಮೇಲೆ ಬೋರಲಾಗಿಟ್ಟು ಬುಟ್ಟಿ ಮುಚ್ಚಿದಳು. ಉಳಿದವುಗಳ ಮಣ್ಣು ತೊಳೆದು, ಹೆಚ್ಚಿ, ಖಾರ ಅರೆದು ಪಲ್ಯ ಮಾಡಿದಳು, ರೊಟ್ಟಿ ಬಡಿದಳು. ಗಂಡ ಲಕ್ಕಪ್ಪ ಉಂಡ. ಅತ್ತೆ ಸಾವಕ್ಕ ಮತ್ತೆ ಮತ್ತೆ ಹಾಕಿಸಿಕೊಂಡಳು. ಸೊಸೆಯ ಪಾಳಿ ಬರುವಷ್ಟರಲ್ಲಿ ಗಡಿಗೆ ಬರಿದಾಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಇಳಿಹೊತ್ತಿಗೆ ಸಾವಕ್ಕ ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದಳು.

"ನೀ ಉಂಡಿಯೇನ?" ಲಕ್ಕಪ್ಪ ಹೆಂಡತಿಯನ್ನು ಕೇಳಿದ.

"ಇಲ್ರಿ. ಗಡಿಗ್ಯಾಗ ಉಳೀಲಿಲ್ಲ."

"ಉಳೀಲಿಲ್ಲೋ, ವಿಷ ಅಂತ ಗೊತ್ತಿತ್ತೋ?" ಸಾವಕ್ಕ ನರಳಿದಳು. "ಲಕ್ಕಪ್ಪಾ, ಇಕಿನ್ನ ತವರಮನಿಗೆ ಅಟ್ಟಪಾ!"

ಬೀರವ್ವ ಹಸಿದದ್ದೇ ಅಪರಾಧವಾಗಿತ್ತು. ಅದಕ್ಕಿಂತ ದೊಡ್ಡ ಭಯ, ನಿಜವಾಗಿಯೂ ವಿಷದ ಅಣಬೆ ಇದ್ದರೆ? ಅತ್ತೆ ಸತ್ತರೆ? ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಿ ಅಣಬೆ ಮಾರುತ್ತಿದ್ದ ರೆಹಮತ್‌ಬಿಯನ್ನು ಓಡಿಹೋಗಿ ಕರೆತಂದಳು.

"ಎಲ್ಲಾ ಒಂದ ಗುಂಪಿನವೇನವ್ವಾ?"

"ಹೌದ್ರಿ, ಒಂದ ಹುತ್ತಿನವು."

ರೆಹಮತ್‌ಬಿ ಬುಟ್ಟಿ ತೆಗೆದು ಒಂದು ಅಣಬೆ ಎತ್ತಿದಳು. ಕರಿಕಲ್ಲಿನ ಮೇಲೆ ಬಾಚಣಿಗೆಯ ಹಲ್ಲಿನಂತೆ ಸಣ್ಣ ಗೆರೆಗಳು. ಮಾಸಲು ಗುಲಾಬಿ ಬಣ್ಣದ ಹುಡಿ.

"ಇದ ಅದರ ಬೀಜ. ಕೊಡಿ ಕೆಳಗಿನ ಪದರಿನಿಂದ ಉದರತೈತಿ, ಗಾಳಿಗೆ ಹಾರತೈತಿ. ತಿಪ್ಪಿ ಕಡೆ ಏಳತಾವಲ್ಲ, ಆ ವಿಷದವು ಹಸರ ಹುಡಿ ಬಿಡತಾವು. ಮ್ಯಾಲಿಂದ ನೋಡಿದ್ರ ಎರಡೂ ಬಿಳೀನ. ಬುಡಾನೂ ನೋಡ್ರಿ, ಹುತ್ತಿನೊಳಗ ಇಳದ ಬಾಲಧಾಂಗ ಉದ್ದ. ಇದು ಉಣ್ಣೂ ಜಾತಿ."

ನಂತರ ಹಾಸಿಗೆಯ ಕಡೆ ತಿರುಗಿದಳು. "ಸಾವಕ್ಕಾ, ಎಷ್ಟ ಉಂಡಿ?"

ಸಾವಕ್ಕ ಗೋಡೆಯ ಕಡೆ ಮುಖ ಮಾಡಿದಳು.

"ನಾ ಉಂಡದ್ರ ಎರಡಪಟ್ಟು," ಎಂದ ಲಕ್ಕಪ್ಪ. "ನನಗೇನೂ ಆಗಿಲ್ಲ."

"ಹಂಗಾರ ವಿಷ ಅಲ್ಲವ್ವಾ, ಸೊಸಿ ಪಾಲು ಅದು! ಜಾಗಾ ಸಾಲದ ಒಳಗ ಒದ್ಯಾಕತ್ತೈತಿ."

ನರಳುತ್ತಲೇ ಸಾವಕ್ಕನಿಗೆ ನಗು ಬಂತು. ಬೀರವ್ವ ಅಜವಾನ ಕುದಿಸಿ ಕೊಟ್ಟಳು. ಕುಡಿದ ಅತ್ತೆ ದೊಡ್ಡದಾಗಿ ತೇಗಿ ಎದ್ದು ಕುಳಿತಳು.

"ಮುಂದಿನ ಸಲ ಜಾಸ್ತಿ ತಗೊಂಬಾ."

"ತರತೇನ್ರಿ ಅತ್ತಿ. ನಂದು ಮೊದಲ ತಗದಿಟ್ಟ ಆಮ್ಯಾಲ ಬಡಸತೇನಿ."

ಸಾವಕ್ಕ ಬೇಡವೆನ್ನಲಿಲ್ಲ.